ನಮ್ಮ ಮಕ್ಕಳ ಕೈಗೆ ಕೆಲಸ ಕೊಟ್ಟವರಿಗೆ

ಮಗಳು ಮೂರು ವರ್ಷ ಮುಂಚೆಯೇ ಪ್ರೈಮರಿ ಮುಗಿಸಿದ್ದಳು. ಈಗ ಮಗನೂ ಐದನೇ ಕ್ಲಾಸ್ ದಾಟಿದ. ಬೀಳ್ಕೊಡುಗೆಯ ದಿನ ಪೋಷಕರ ಕೈಗೆ ಮೈಕ್ ಬಂದಾಗ ನಾವೆಲ್ಲ ಹೇಳಿದ್ದು ಒಂದೇ ಮಾತು, "ಎಲ್ಲರಿಗೂ ತುಂಬಾ ಥ್ಯಾಂಕ್ಸ್." ಯಾವುದಕ್ಕೆ ಅಂತ ಯಾರೂ ಹೇಳಲಿಲ್ಲ. ಹಿಂದೆ ಅಷ್ಟು ಜನ ಕಾಯುತ್ತಿರುವಾಗ ಹೇಳುವುದಾದರೂ ಹೇಗೆ? ನನ್ನ ಪಾಲಿನದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾರ ಹೆಸರೂ ಹಾಕಿಲ್ಲ. ಓದಿದರೆ ಇದು ನಿಮ್ಮ ಬಗ್ಗೆಯೇ ಅಂತ ನಿಮಗೆ ಗೊತ್ತಾಗುತ್ತದೆ.

ಮೊದಲು ಮಗನ ಒಂದನೇ ಕ್ಲಾಸಿನ ಟೀಚರಿಗೆ. ಅವನು ಶಾಲೆ ಸೇರಿದ್ದು 2020ರಲ್ಲಿ. ಸೇರಿದ ಅನ್ನುವುದೂ ದೊಡ್ಡ ಮಾತು, ಫೋನ್ ಮುಂದೆ ಕೂತ ಅಷ್ಟೇ. ಆ ವರ್ಷ ಏಪ್ರಿಲ್ ಹೊತ್ತಿಗೆ ಜಗತ್ತಿನಲ್ಲಿ ಹತ್ತಿರ ಹತ್ತಿರ 160 ಕೋಟಿ ವಿದ್ಯಾರ್ಥಿಗಳ ತರಗತಿ ನಿಂತುಹೋಗಿತ್ತು ಅನ್ನುತ್ತದೆ ಯುನೆಸ್ಕೋ ಲೆಕ್ಕ. ನಮ್ಮ ಕಣ್ಣಿಗೆ ಬೀಳುತ್ತಿದ್ದವನು ಅವರಲ್ಲಿ ಒಬ್ಬನೇ. ಕಾಲು ಕುರ್ಚಿಯ ಮೇಲಿಟ್ಟು, ತಲೆ ಕೆಳಗೆ ಇಳಿಬಿಟ್ಟು, ಉಲ್ಟಾ ಫೋನ್ ನೋಡುತ್ತಿದ್ದವನು.

ಟೀಚರ್, ನೀವು ಒಂದು ವಾರ ಇದನ್ನು ನೋಡಿದಿರಿ. ಆಮೇಲೆ ಮಕ್ಕಳಿಗೆ "ಫೋನ್ ಬಿಟ್ಟು ಏಳಿ" ಅಂದಿರಿ. ಮನೆಯಲ್ಲಿ ಗುಂಡಗಿರುವ ಐದು ವಸ್ತು ಹುಡುಕಿ ತನ್ನಿ. ತೂಕದಲ್ಲಿ ನಿಮ್ಮ ಪುಸ್ತಕಕ್ಕಿಂತ ಭಾರ ಇರುವ ಮೂರು ತನ್ನಿ. ಮನೆ ಮನೆಯಲ್ಲೂ ಓಡಾಟ ಶುರುವಾಯಿತು. ಒಬ್ಬಳು ತನ್ನ ಪುಟ್ಟ ತಮ್ಮನನ್ನೇ ಎತ್ತಿಕೊಂಡು ಬಂದು ಕ್ಯಾಮೆರಾಗೆ ತೋರಿಸಿದಳು, ತಲೆ ಗುಂಡಗಿದೆ ಅಂತ. ನೀವು ಒಪ್ಪಿಕೊಂಡಿರಿ. ಅದೇ ತಮ್ಮ ಭಾರದ ಲೆಕ್ಕಕ್ಕೂ ಬಂದ.

ಶಾಲೆ ತೆರೆದ ಮೇಲೆ ಇನ್ನೊಂದು ತೊಂದರೆ ಎದುರಾಯಿತು. ಎಲ್ಲರ ಬಾಯಿಗೂ ಮಾಸ್ಕ್. ಅಕ್ಷರ ಕಲಿಯುವ ಮಗು ಟೀಚರ್ ಬಾಯಿ ನೋಡಿಯೇ ಅರ್ಧ ಕಲಿಯುತ್ತದೆ. ಪ, ಬ, ಮ ಹೇಳುವಾಗ ತುಟಿ ಮುಚ್ಚುತ್ತದೆ, ತ, ದ, ನ ಹೇಳುವಾಗ ಮುಚ್ಚುವುದಿಲ್ಲ. ಮಾಸ್ಕ್ ಒಳಗೆ ಇದೆಲ್ಲ ಎಲ್ಲಿ ಕಾಣಬೇಕು? ನೀವು ರಾತ್ರಿ ಕೂತು ಬರೀ ನಿಮ್ಮ ಬಾಯಿಯ ವಿಡಿಯೋ ಮಾಡಿ ಕಳಿಸಿದಿರಿ. ಕನ್ನಡಿ ಮುಂದೆ ನಿಂತು ಹೇಳಿ ಅಂದಿರಿ. ಬಾಯಿ ಮುಂದೆ ಒಂದು ತೆಳ್ಳಗಿನ ಕಾಗದದ ಪಟ್ಟಿ ಹಿಡಿದು ಮೊದಲು ಪ, ಆಮೇಲೆ ಫ ಹೇಳಿಸಿದಿರಿ. ಪ ಅಂದರೆ ಕಾಗದ ಸುಮ್ನೆ ಇರುತ್ತದೆ, ಫ ಅಂದರೆ ಉಸಿರಿಗೆ ಹಾರುತ್ತದೆ. ಮಹಾಪ್ರಾಣ ಅನ್ನುವುದು ಕಣ್ಣಿಗೆ ಕಾಣುತ್ತದೆ ಅಂತ ನನಗೂ ಆಗಲೇ ಗೊತ್ತಾಗಿದ್ದು. ಮಗ ಎರಡು ದಿನ ಮನೆಯ ಪ್ರತಿ ಕಾಗದದ ಮೇಲೂ ಫ ಫ ಅಂದ. ಅದನ್ನು ಕೇಳಿಸಿಕೊಂಡ ನಮಗೂ ಒಂದು ಥ್ಯಾಂಕ್ಸ್ ಬರಬೇಕು.

ಮೂರನೇ ಕ್ಲಾಸಿನ ಟೀಚರ್ ಬಗ್ಗೆ ಬರೆಯುವುದು ಜಾಸ್ತಿ ಇದೆ.

ಕಾಳು ಮೊಳಕೆ ಬರಿಸುವುದು ಎಲ್ಲ ಶಾಲೆಯಲ್ಲೂ ಇರುತ್ತದೆ. ನಾನೂ ಚಿಕ್ಕವಳಿದ್ದಾಗ ಹತ್ತಿಯಲ್ಲಿ ಇಟ್ಟಿದ್ದೆ, ಚಿತ್ರ ಬರೆದಿದ್ದೆ, ಮರೆತಿದ್ದೆ. ಇವರು ಹತ್ತಿ ಬೇಡ ಅಂದರು. ಗಾಜಿನ ಲೋಟದ ಒಳಗೆ ಬ್ಲಾಟಿಂಗ್ ಪೇಪರ್ ಸುತ್ತಿ, ಪೇಪರಿಗೂ ಗಾಜಿಗೂ ನಡುವೆ ನೆನೆಸಿದ ಕಾಳು ಸಿಕ್ಕಿಸಿದರು. ಹೀಗೆ ಮಾಡಿದರೆ ಬೇರು ಹೊರಗಿನಿಂದಲೇ ಕಾಣುತ್ತದೆ. ಒಬ್ಬೊಬ್ಬರಿಗೆ ಎರಡು ಲೋಟ. ಒಂದು ಕಿಟಕಿಯ ಹತ್ತಿರ, ಇನ್ನೊಂದು ಬೀರುವಿನ ಕತ್ತಲಲ್ಲಿ.

ವಾರ ಕಳೆದು ನೋಡಿದರೆ ಕತ್ತಲಲ್ಲಿದ್ದದ್ದೇ ಉದ್ದ! ಮಕ್ಕಳು ತೀರ್ಪು ಕೊಟ್ಟರು, ಗಿಡ ಕತ್ತಲಲ್ಲಿ ಚೆನ್ನಾಗಿ ಬೆಳೆಯುತ್ತದೆ. ಟೀಚರ್ ತಪ್ಪು ಅನ್ನಲಿಲ್ಲ. ಅದನ್ನೇ ಬೋರ್ಡಿನ ಮೂಲೆಯಲ್ಲಿ ಬರೆದು, ಕೆಳಗೆ "ಮೂರನೇ ಕ್ಲಾಸಿನವರ ಅಭಿಪ್ರಾಯ" ಅಂತ ಸೇರಿಸಿ ಬಿಟ್ಟುಬಿಟ್ಟರು. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಗಲಾಟೆಯೋ ಗಲಾಟೆ. ಮಕ್ಕಳಿಗೆ ತಪ್ಪು ಕಲಿಸುತ್ತಿದ್ದಾರೆ, ಯಾರಾದರೂ ಕೇಳಿ ಅಂತ. ಕೇಳಿದವರಿಗೆ ಟೀಚರ್ ಹೇಳಿದ್ದು ಇಷ್ಟೇ, "ಇನ್ನೊಂದು ವಾರ ಇರಿ."

ಇನ್ನೊಂದು ವಾರಕ್ಕೆ ಬೀರುವಿನ ಗಿಡಗಳು ಹಳದಿ ಹಿಡಿದು, ನೂಲಿನ ಎಳೆಯಷ್ಟು ಸಣ್ಣಗಾಗಿ ಒರಗಿಬಿದ್ದಿದ್ದವು. ಕಿಟಕಿಯ ಹತ್ತಿರದವು ಗಿಡ್ಡವಾದರೂ ಹಸಿರಾಗಿ ನಿಂತಿದ್ದವು. ಕತ್ತಲಲ್ಲಿರುವ ಮೊಳಕೆ ಬೆಳಕು ಹುಡುಕಿಕೊಂಡು ಕಾಂಡವನ್ನಷ್ಟೇ ಉದ್ದ ಮಾಡುತ್ತಾ ಹೋಗುತ್ತದೆ. ಅದಕ್ಕೆ ಬೇಕಾದ ಶಕ್ತಿ ಬರುವುದು ಕಾಳಿನೊಳಗೆ ಕೂಡಿಟ್ಟ ಆಹಾರದಿಂದ. ಆ ಗಂಟು ಕರಗಿತು ಅಂದರೆ ಮುಗಿಯಿತು. ಬೆಳಕಿನಲ್ಲಿ ಇರುವುದಕ್ಕೆ ಎಲೆ ಹಸಿರಾಗುತ್ತದೆ, ತನ್ನ ಊಟ ತಾನೇ ಮಾಡಿಕೊಳ್ಳುತ್ತದೆ. ಮಕ್ಕಳೇ ಎದ್ದು ಹೋಗಿ ಬೋರ್ಡಿನ ಆ ಸಾಲು ಒರೆಸಿದರಂತೆ. ಆ ಎರಡು ವಾರ ಬಾಯಿ ಬಿಡದೆ ಕಾಯುವುದಕ್ಕೆ, ಅದರಲ್ಲೂ ನಮ್ಮಂಥ ಪೋಷಕರನ್ನು ಇಟ್ಟುಕೊಂಡು ಕಾಯುವುದಕ್ಕೆ, ಗಟ್ಟಿ ಗುಂಡಿಗೆ ಬೇಕು.

ಮಗ ಅಷ್ಟಕ್ಕೇ ನಿಲ್ಲಿಸಲಿಲ್ಲ. ಮನೆಗೆ ತಂದ ಲೋಟವನ್ನು ಅಡ್ಡ ಮಲಗಿಸಿಟ್ಟ. ಮಾರನೇ ದಿನ ನೋಡಿದರೆ ಬೇರಿನ ತುದಿ ಕೆಳಕ್ಕೆ ಬಾಗಿತ್ತು. ಇನ್ನೊಂದು ಪಕ್ಕಕ್ಕೆ ಹೊರಳಿಸಿದ, ಮತ್ತೆ ಕೆಳಕ್ಕೆ. "ಬೇರಿಗೆ ಕಣ್ಣಿಲ್ಲ, ಕೆಳಗೆ ಯಾವುದು ಅಂತ ಹೇಗೆ ಗೊತ್ತು?" ಟೀಚರನ್ನೂ ಕೇಳಿದ. ಅವರು "ನಂಗೂ ಗೊತ್ತಿಲ್ಲ, ನಾಳೆ ಹೇಳ್ತೀನಿ" ಅಂದರಂತೆ. ಮಾರನೇ ದಿನ ಓದಿಕೊಂಡು ಬಂದರು. ಬೇರಿನ ತುದಿಯ ಕೋಶಗಳಲ್ಲಿ ಪಿಷ್ಟದ ಸಣ್ಣ ಕಣಗಳಿವೆ, ಅವು ಭಾರಕ್ಕೆ ಯಾವ ಕಡೆ ಇಳಿದು ಕೂರುತ್ತವೋ ಅದೇ ಕೆಳಗೆ ಅಂತ ಬೇರಿಗೆ ತಿಳಿಯುತ್ತದೆ. ಇದನ್ನು ಹೇಳಲು ಒಂದು ಬಾಟಲಿಯಲ್ಲಿ ಮಣಿ ಹಾಕಿಕೊಂಡು ಬಂದು, ಅದನ್ನು ಆಚೀಚೆ ವಾಲಿಸಿ ತೋರಿಸಿದರು. ಒಬ್ಬ ಹುಡುಗನ ಒಂದು ಪ್ರಶ್ನೆಗೆ. ಟೀಚರ್, ಆ ಬಾಟಲಿ ಈಗಲೂ ಅವನ ಮೇಜಿನ ಮೇಲಿದೆ.

ನಾಲ್ಕನೇ ಕ್ಲಾಸಿನ ಸರ್ ಒಂದು ತಿಂಗಳು ನಮ್ಮ ಮನೆಯವರ ಕತ್ತನ್ನೆಲ್ಲ ಮೇಲೆತ್ತಿಸಿದರು. ದಿನಾ ಚಂದ್ರನ ಚಿತ್ರ ಬರೆಯಬೇಕು. ಹಾಳೆಯಲ್ಲಿ ಮೂವತ್ತು ಚೌಕ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ, ಹಾಗಾಗಿ ಒಂದು ಸುತ್ತು ಸರಿಯಾಗಿ ಕೂರುತ್ತದೆ. ಹುಣ್ಣಿಮೆವರೆಗೆ ಆರಾಮ, ಸಂಜೆಯೇ ಚಂದ್ರ ಸಿಗುತ್ತಾನೆ. ಆಮೇಲೆ ದಿನಕ್ಕೆ ಹೆಚ್ಚು ಕಡಿಮೆ 50 ನಿಮಿಷ ತಡ ಮಾಡುತ್ತಾ ಹೋಗುತ್ತಾನೆ. ಮಕ್ಕಳು ಮಲಗಿದ ಮೇಲೆ ಬರುತ್ತಾನೆ. "ಚಂದ್ರ ಬರ್ತಾನೇ ಇಲ್ಲ ಸರ್" ಅಂತ ದೂರು ಹೋಯಿತು. "ಬೆಳಿಗ್ಗೆ ವ್ಯಾನ್ ಹತ್ತುವಾಗ ಪಶ್ಚಿಮಕ್ಕೆ ನೋಡು" ಅಂದರು ಸರ್. ನೋಡಿದರೆ ಅಲ್ಲೇ ಇದ್ದ, ಹಗಲಲ್ಲಿ, ಬೆಳ್ಳಗೆ. ವ್ಯಾನಿನ ಅಣ್ಣ ಗಾಡಿ ನಿಲ್ಲಿಸಿ ತಾವೂ ಇಳಿದು ನೋಡಿದರು. ಶಾಲೆಗೆ ಐದು ನಿಮಿಷ ತಡ. ಅದಕ್ಕೆ ಅವರು ಬೈಸಿಕೊಂಡರೋ ಇಲ್ಲವೋ, ಅವರಿಗೂ ನನ್ನ ಥ್ಯಾಂಕ್ಸ್.

ಮೋಡ ಕವಿದ ದಿನ ಏನು ಮಾಡುವುದು? ಚೌಕದಲ್ಲಿ "ಮೋಡ" ಅಂತ ಬರೆಯಿರಿ, ಕಾಣದ್ದನ್ನು ಬರೆಯಬೇಡಿ ಅನ್ನುವುದು ಸರ್ ನಿಯಮ. ಒಬ್ಬ ಕಿಲಾಡಿ ಫೋನ್ ನೋಡಿಕೊಂಡು ಒಂದೇ ರಾತ್ರಿಯಲ್ಲಿ ಮೂವತ್ತೂ ತುಂಬಿಸಿದ್ದ. ಇಡೀ ಊರಿಗೆ ಮಳೆ ಸುರಿದ ರಾತ್ರಿಯೂ ಅವನ ಹಾಳೆಯಲ್ಲಿ ಚಂದ್ರ ಫಳಫಳ ಹೊಳೆಯುತ್ತಿದ್ದ! ಸರ್ ಬೈಯಲಿಲ್ಲ. "ನಿಮ್ಮ ಮನೆ ಮೇಲೆ ಮಾತ್ರ ಮೋಡ ಇರಲಿಲ್ವೇನೋ?" ಅಂದರು. ಅವನು ಮುಂದಿನ ತಿಂಗಳು ತಾನಾಗಿಯೇ ಮತ್ತೆ ಬರೆದ ಅಂತ ಕೇಳಿದೆ.

ಐದನೇ ಕ್ಲಾಸಿನ ಟೀಚರ್ ವಸ್ತುಪ್ರದರ್ಶನಕ್ಕೆ ಮೊದಲೇ ಪೋಷಕರ ಸಭೆಯಲ್ಲಿ ನಗುತ್ತಾ ಹೇಳಿಬಿಟ್ಟರು, "ಅಪ್ಪ ಅಮ್ಮ ಮಾಡಿದ ಮಾಡೆಲ್‌ಗೆ ಅಪ್ಪ ಅಮ್ಮನಿಗೇ ಮಾರ್ಕ್ಸ್." ಎಲ್ಲವೂ ಕ್ಲಾಸಿನಲ್ಲೇ ಆಗಬೇಕು, ಅಂಗಡಿಯ ಥರ್ಮೋಕೋಲ್ ಬೇಡ. ಪ್ರದರ್ಶನದ ದಿನ ಒಂದೂ ನೆಟ್ಟಗಿರಲಿಲ್ಲ. ಅಂಟು ಹೊರಗೆ ಬಂದಿತ್ತು, ಅಕ್ಷರ ಡೊಂಕಾಗಿತ್ತು. ನನಗಂತೂ ಅಷ್ಟು ಚೆಂದದ ಪ್ರದರ್ಶನ ಬೇರೆ ನೆನಪಿಲ್ಲ, ಯಾಕೆಂದರೆ ಕೇಳಿದ್ದಕ್ಕೆಲ್ಲ ಮಕ್ಕಳು ಉತ್ತರ ಕೊಟ್ಟರು. ಮಗನದು ಶ್ವಾಸಕೋಶ. ತಳ ಕತ್ತರಿಸಿದ ಬಾಟಲಿ, ಒಳಗೊಂದು ಬಲೂನ್, ತಳಕ್ಕೆ ಬಿಗಿದ ಇನ್ನೊಂದು ಬಲೂನಿನ ತುಂಡು. ಕೆಳಗಿನದನ್ನು ಎಳೆದರೆ ಬಾಟಲಿಯೊಳಗೆ ಜಾಗ ಹೆಚ್ಚಾಗಿ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಹೊರಗಿನ ಗಾಳಿ ನುಗ್ಗಿ ಒಳಗಿನ ಬಲೂನ್ ಉಬ್ಬುತ್ತದೆ. ನಮ್ಮ ಎದೆಯ ಕೆಳಗಿನ ವಪೆ ಅನ್ನುವ ಸ್ನಾಯು ಮಾಡುವ ಕೆಲಸವೂ ಇದೇ. ಯಾರೋ ದೊಡ್ಡವರು ಬಂದಾಗ ಜೋರಾಗಿ ಎಳೆದ, ಬಲೂನ್ ಪಟಕ್ಕನೆ ಕಳಚಿತು. "ಇದು ಬಿಕ್ಕಳಿಕೆ" ಅಂದ. ಬಿಕ್ಕಳಿಕೆ ಬರುವುದೂ ವಪೆ ತಟ್ಟನೆ ಸೆಳೆದುಕೊಂಡಾಗಲೇ ಅಲ್ವಾ! ಅದನ್ನು ಯಾರೂ ಅವನಿಗೆ ಬಾಯಿಪಾಠ ಮಾಡಿಸಿರಲಿಲ್ಲ.

ಮಗಳ ಕಾಲದ್ದೂ ಎರಡು ಹೇಳಿಬಿಡುತ್ತೇನೆ. ಅವಳ ಒಂದನೇ ಕ್ಲಾಸಿನ ಗೋಡೆಯಲ್ಲಿ ಹಲ್ಲಿನ ಚಾರ್ಟ್ ಇತ್ತು. ಯಾರಿಗೆ ಹಲ್ಲು ಬಿದ್ದರೂ ಆ ತಿಂಗಳ ಮೇಲೆ ಒಂದು ಬಿಳಿ ಚೌಕ ಅಂಟಿಸುವುದು. ಹಾಲುಹಲ್ಲು ಇಪ್ಪತ್ತು, ಆರು ವರ್ಷದ ಆಸುಪಾಸಿನಲ್ಲಿ ಬೀಳಲು ಶುರು. ವರ್ಷದ ಕೊನೆಗೆ ಚೌಕಗಳು ಕಂಬ ಕಂಬವಾಗಿ ನಿಂತಿದ್ದವು. ದೊಡ್ಡ ಕ್ಲಾಸಿನಲ್ಲಿ ಸ್ತಂಭಾಲೇಖ ಬಂದಾಗ "ಇದು ನಮ್ಮ ಹಲ್ಲಿನ ಚಾರ್ಟ್" ಅಂದಳು, ಪಾಠ ಮುಗಿಯಿತು. ಇನ್ನೊಂದು, ಒಂಬತ್ತು ಗ್ರಹಗಳ ಹಳೆಯ ಚಾರ್ಟ್. 2006ರಲ್ಲಿ ಪ್ಲೂಟೋವನ್ನು ಕುಬ್ಜ ಗ್ರಹ ಅಂತ ಬೇರೆ ಮಾಡಿದ ಮೇಲೂ ಅವಳ ಟೀಚರ್ ಆ ಚಾರ್ಟ್ ಕಿತ್ತಿರಲಿಲ್ಲ. ಪ್ಲೂಟೋ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಅಂಟಿಸಿದ್ದರು. ಕೇಳಿದ ಮಕ್ಕಳಿಗೆ ಕಥೆ ಸಿಗುತ್ತಿತ್ತು.

ವಾರ್ಷಿಕೋತ್ಸವದ ಬಗ್ಗೆ ಹೇಳುವಂಥದ್ದು ಕಡಿಮೆ. ಫೋಟೋ ಎಲ್ಲ ಅದರದ್ದೇ ಇದೆ. ಮಗ ಮರವಾಗಿದ್ದ, ಚೆನ್ನಾಗಿ ನಿಂತಿದ್ದ.

ಪಿ.ಟಿ. ಸರ್‌ಗೆ ಮಾತ್ರ ಬೇರೆಯೇ ಸಾಲು ಬೇಕು. ಮಳೆ ಬಂದು ಮೈದಾನ ಸಿಗದ ದಿನ ಅವರು ಕ್ಲಾಸಿಗೆ ಕಾಗದದ ಪಟ್ಟಿ, ಅಂಟು, ಕತ್ತರಿ ತಂದರು. ಪಟ್ಟಿಯ ಒಂದು ತುದಿಯನ್ನು ಅರ್ಧ ತಿರುಚಿ ಇನ್ನೊಂದಕ್ಕೆ ಅಂಟಿಸಿ ಬಳೆ ಮಾಡಿಸಿದರು. ಅದಕ್ಕೆ ಒಂದೇ ಮೈ. ಪೆನ್ಸಿಲ್ ಎತ್ತದೆ ಪಟ್ಟಿಯ ನಟ್ಟನಡುವೆ ಗೆರೆ ಎಳೆದರೆ ಎರಡೂ ಕಡೆ ಓಡಿ ಶುರುವಾದಲ್ಲಿಗೇ ಬರುತ್ತದೆ. ಆ ಗೆರೆಯ ಮೇಲೆ ಕತ್ತರಿಸಿದರೆ ಎರಡು ಬಳೆ ಆಗಬೇಕು ಅಂದುಕೊಳ್ಳುತ್ತೇವೆ, ಆಗುವುದು ಒಂದೇ ದೊಡ್ಡ ಬಳೆ. ಮೋಬಿಯಸ್ ಪಟ್ಟಿ ಅದು. 1858ರಲ್ಲಿ ಮೋಬಿಯಸ್, ಲಿಸ್ಟಿಂಗ್ ಅನ್ನುವ ಇಬ್ಬರು ಜರ್ಮನ್ ಗಣಿತಜ್ಞರು ಒಬ್ಬರಿಗೊಬ್ಬರು ತಿಳಿಯದೆ ಇದನ್ನು ಕಂಡುಕೊಂಡರು. ಅವತ್ತು ರಾತ್ರಿ ನಮ್ಮ ಮನೆಯಲ್ಲಿ ಹಳೆಯ ಪೇಪರ್ ಒಂದೂ ಉಳಿಯಲಿಲ್ಲ. ಸರ್, ಸ್ಪೋರ್ಟ್ಸ್ ಡೇ ಬಿಟ್ಟರೆ ನಾವ್ಯಾರೂ ನಿಮ್ಮನ್ನು ಮಾತಾಡಿಸಿದ್ದೇ ಕಡಿಮೆ. ಹಾಗಾಗಿ ಇದನ್ನು ಗಟ್ಟಿಯಾಗಿಯೇ ಹೇಳುತ್ತಿದ್ದೇನೆ.

ಇನ್ನು ಆಯಾ ಅವರು. ಈ ಎಲ್ಲ ಚಟುವಟಿಕೆಯ ಕೊನೆಗೆ ನೆಲದ ಮೇಲೆ ಉಳಿಯುವುದು ಅಂಟು, ಕಾಗದದ ಚೂರು, ಒಡೆದ ಬಲೂನ್, ಚೆಲ್ಲಿದ ನೀರು. ಗುಡಿಸಿದವರು ನೀವು. ರಜೆಯ ದಿನ ಶಾಲೆಗೆ ಬಂದಾಗ ಕಾಳಿನ ಲೋಟಗಳಿಗೆಲ್ಲ ನೀರು ಹಾಕಿದವರೂ ನೀವೇ, ಬೀರುವಿನ ಬಾಗಿಲು ಪೂರ್ತಿ ತೆರೆಯದೆ, ಕೈ ಮಾತ್ರ ಒಳಗೆ ತೂರಿಸಿ. ಕತ್ತಲು ಕೆಡಬಾರದು ಅಂತ ನಿಮಗೆ ಹೇಳಿಕೊಟ್ಟದ್ದು ಮಕ್ಕಳೇ ಅಂತೆ. ನೀವು ಆ ಮಾತನ್ನು ತಮಾಷೆ ಅಂದುಕೊಳ್ಳಲಿಲ್ಲ.

ನಮ್ಮ ಮನೆಯಲ್ಲಿ ಈಗ ಒಂದು ಚೀಲ ತುಂಬಾ ಬಾಟಲಿ ಮುಚ್ಚಳ, ರಟ್ಟು, ರಿಬ್ಬನ್, ಉಲ್ಲನ್ ದಾರ ಉಳಿದಿದೆ. ಶನಿವಾರ ಶಾಲೆಯ ಆಫೀಸಿನಲ್ಲಿ ಕೊಟ್ಟು ಬರುತ್ತೇನೆ. ಹೊಸದಾಗಿ ಒಂದನೇ ಕ್ಲಾಸಿಗೆ ಸೇರಿಸುತ್ತಿರುವವರು ಖಾಲಿ ಡಬ್ಬಗಳನ್ನು ಈಗಿನಿಂದಲೇ ಎಸೆಯದೆ ಇಟ್ಟುಕೊಳ್ಳಿ. ನಾಳೆ ಬೇಕು ಅಂತ ರಾತ್ರಿ ಒಂಬತ್ತಕ್ಕೆ ಮೆಸೇಜ್ ಬರುತ್ತದೆ.