ಡೆಂಗಿ ಒಮ್ಮೆ ಬಂದಿದ್ದರೂ ಮತ್ತೆ ಬರಬಹುದು: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಮಳೆ ಹಿಡಿದಿದೆ, ಜ್ವರದ ರಜೆ ಚೀಟಿಗಳೂ ಬರತೊಡಗಿವೆ. ‘ನಮ್ಮ ಮಗುವಿಗೆ ಹೋದ ವರ್ಷವೇ ಡೆಂಗಿ ಬಂದುಹೋಗಿದೆ, ಇನ್ನೇನು ಭಯ’ ಎನ್ನುವವರು ಈ ಪತ್ರವನ್ನು ಪೂರ್ತಿ ಓದಬೇಕು.

ದಡಾರ ಒಮ್ಮೆ ಬಂದರೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಡೆಂಗಿ ಹಾಗಲ್ಲ. ಅದರ ವೈರಸ್‌ನಲ್ಲಿ 4 ಬಗೆಗಳಿವೆ. ಬಂದುಹೋದ ಬಗೆಯಿಂದ ದೀರ್ಘಕಾಲ ರಕ್ಷಣೆ ಇರುತ್ತದೆ, ಉಳಿದ ಮೂರರಿಂದ ಕೆಲವು ತಿಂಗಳು ಮಾತ್ರ. ಆಮೇಲೆ ಬೇರೆ ಬಗೆ ತಗುಲಿದರೆ ಹಳೆಯ ಪ್ರತಿಕಾಯಗಳು (ಮೊದಲ ಸೋಂಕಿನಲ್ಲಿ ದೇಹ ತಯಾರಿಸಿದ ರಕ್ಷಕ ಪ್ರೋಟೀನುಗಳು) ಹೊಸ ವೈರಸ್ಸಿಗೆ ಅಂಟಿಕೊಳ್ಳುತ್ತವೆಯೇ ಹೊರತು ಅದನ್ನು ತಡೆಯಲಾರವು. ಬಿಳಿ ರಕ್ತಕಣಗಳೊಳಗೆ ನುಗ್ಗಲು ಅದಕ್ಕೆ ದಾರಿಯನ್ನೇ ಮಾಡಿಕೊಡುತ್ತವೆ. ಎರಡನೇ ಸಲ ಕಾಯಿಲೆ ಬಿಗಡಾಯಿಸುವ ಸಂಭವ ಹೆಚ್ಚಿರುವುದು ಇದರಿಂದಲೇ. ಆದ್ದರಿಂದ ಹಿಂದೆ ಡೆಂಗಿ ಬಂದಿದ್ದರೆ ವೈದ್ಯರಿಗೆ ಮೊದಲೇ ಹೇಳಿ, ಹಳೆಯ ರಿಪೋರ್ಟ್ ತೋರಿಸಿ. ಎರಡನೇ ಸೋಂಕಿನಲ್ಲಿ ಡೆಂಗಿ ಪತ್ತೆಗೆ ಮಾಡುವ ಎನ್‌ಎಸ್1 ರಕ್ತಪರೀಕ್ಷೆ ನೆಗೆಟಿವ್ ಬರುವುದೂ ಉಂಟು. ಅದನ್ನೇ ನಂಬಿ ಸುಮ್ಮನಾಗಬೇಡಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ ಸಾಕು: ಮಗುವಿನ ತೂಕದ ಪ್ರತಿ ಕೆ.ಜಿ.ಗೆ 10ರಿಂದ 15 ಮಿಲಿಗ್ರಾಂ, 6 ಗಂಟೆಗೊಮ್ಮೆ, ದಿನಕ್ಕೆ 4 ಸಲ ಮೀರದಂತೆ. ಸಿರಪ್‌ಗಳು 5 ಮಿ.ಲೀ.ಗೆ 120, 250 ಮಿಲಿಗ್ರಾಂ ಹೀಗೆ ಬೇರೆ ಬೇರೆ ಸಾಮರ್ಥ್ಯದಲ್ಲಿ ಸಿಗುತ್ತವೆ. ಬಾಟಲಿ ಬದಲಾದರೆ ಅಳತೆಯೂ ಬದಲಾಗಬೇಕು. ಐಬುಪ್ರೊಫೆನ್, ಮೆಫೆನಮಿಕ್ ಆಸಿಡ್, ಆಸ್ಪಿರಿನ್ ಬೇಡ, ರಕ್ತಸ್ರಾವ ಹೆಚ್ಚುತ್ತದೆ. ಕೆಲವು ಜ್ವರದ ಸಿರಪ್‌ಗಳಲ್ಲಿ ಪ್ಯಾರಾಸಿಟಮಾಲ್ ಜೊತೆ ಮೆಫೆನಮಿಕ್ ಆಸಿಡ್ ಬೆರೆಸಿರುತ್ತಾರೆ, ಲೇಬಲ್ ಓದಿ. ಪರಂಗಿ ಎಲೆ ರಸ ನೆಚ್ಚಿಕೊಂಡು ಆಸ್ಪತ್ರೆಗೆ ಹೋಗುವುದನ್ನು ಮುಂದೂಡುವುದಂತೂ ಸಲ್ಲದು.

ಎಲ್ಲರೂ ಎಡವುವುದು ಜ್ವರ ಬಿಟ್ಟ ದಿನ. ಸಾಮಾನ್ಯವಾಗಿ 3ರಿಂದ 7ನೇ ದಿನದೊಳಗೆ ಜ್ವರ ಇಳಿಯುತ್ತದೆ. ರಕ್ತನಾಳಗಳಿಂದ ದ್ರವ ಸೋರುವ ಅಪಾಯ ಇರುವುದು ಅದರ ಮುಂದಿನ 24ರಿಂದ 48 ಗಂಟೆಗಳಲ್ಲಿ. ಹೊಟ್ಟೆ ವಿಪರೀತ ನೋಯುವುದು, ವಾಂತಿ ನಿಲ್ಲದಿರುವುದು, ಒಸಡು ಅಥವಾ ಮೂಗಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ಮಂಕು, 6 ಗಂಟೆಯಾದರೂ ಮೂತ್ರ ಹೋಗದಿರುವುದು, ಇವುಗಳಲ್ಲಿ ಒಂದು ಕಂಡರೂ ರಾತ್ರಿಯೆನ್ನದೆ ಆಸ್ಪತ್ರೆಗೆ ಕರೆದೊಯ್ಯಿರಿ. ಜ್ವರ ಬಿಟ್ಟು ಪೂರ್ತಿ 2 ದಿನ ಆಗುವವರೆಗೆ ಶಾಲೆಗೆ ಕಳಿಸಬೇಡಿ. ಹಾಜರಾತಿಯ ಚಿಂತೆ ನಮಗಿರಲಿ.

ಜ್ವರವಿರುವ ಮಗು ಹಗಲಲ್ಲೂ ಸೊಳ್ಳೆಪರದೆಯೊಳಗೆ ಮಲಗಲಿ. ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲಿನಲ್ಲೇ, ಮಗುವನ್ನು ಕಚ್ಚಿದ ಸೊಳ್ಳೆಯಿಂದ ಮನೆಯವರಿಗೂ ಕಾಯಿಲೆ ಹರಡುತ್ತದೆ. ಡ್ರಮ್, ತೊಟ್ಟಿ, ಫ್ರಿಜ್ ಹಿಂದಿನ ತಟ್ಟೆಯ ನೀರನ್ನು ವಾರಕ್ಕೊಮ್ಮೆ ಚೆಲ್ಲಿದರಷ್ಟೇ ಸಾಲದು, ಒಳಬದಿಯನ್ನು ಬ್ರಷ್‌ನಿಂದ ಉಜ್ಜಬೇಕು. ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ಮಳೆಗಾಲ ಮುಗಿಯುವವರೆಗೆ ಮಕ್ಕಳು ತುಂಬುತೋಳಿನ ಅಂಗಿ ಹಾಕಿಕೊಂಡು ಬರಬಹುದು, ಸಮವಸ್ತ್ರದ ಬಣ್ಣ ಹೊಂದದಿದ್ದರೂ ಪರವಾಗಿಲ್ಲ.

ಡೆಂಗಿ ಖಚಿತವಾದರೆ ಅದೇ ದಿನ ತರಗತಿ ಶಿಕ್ಷಕರಿಗೆ ತಿಳಿಸಿ.

ಇಂತಿ,
ಮುಖ್ಯೋಪಾಧ್ಯಾಯರು