ಮಿಷನ್‌ಗೆ ಹೋಗೋದು ಡಾಲರ್‌ಗೇನಾ? ಗೆಳೆಯನಿಗೊಂದು ಪತ್ರ

ಪ್ರೀತಿಯ ಮಂಜು,

ವಿಶ್ವಸಂಸ್ಥೆಯ ಶಾಂತಿಪಾಲನಾ ಮಿಷನ್‌ಗೆ ಅರ್ಜಿ ಹಾಕ್ಲಾ ಬೇಡ್ವಾ ಅಂತ ಕೇಳಿದ್ದೀಯ. ಕೊನೆಗೊಂದು ಕೊಕ್ಕೆ ಬೇರೆ: "ಅಲ್ಲಿಗೆ ಹೋಗೋರೆಲ್ಲ ಡಾಲರ್‌ಗೇ ಹೋಗೋದು ಅಲ್ವಾ? ಕೆಲಸದ ಮೇಲೆ ನಿಷ್ಠೆ ಯಾರಿಗಿರುತ್ತೆ?" ಇದನ್ನು ಫೋನಲ್ಲಿ ಹೇಳಹೊರಟರೆ ಅರ್ಧಕ್ಕೇ ಜಗಳ ಆಗುತ್ತೆ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಪೊಲೀಸ್ ಇಲಾಖೆಯ ಬೇರೆ ಗೆಳೆಯರೂ ಇದನ್ನೇ ಕೇಳುವುದರಿಂದ ಎಲ್ಲರೂ ಓದುವ ಕಡೆಯೇ ಹಾಕಿದ್ದೇನೆ, ಬೇಜಾರಾಗಬೇಡ.

ಡಾಲರ್ ಸುಳ್ಳಲ್ಲ. ನನ್ನ ಮನೆ ಸಾಲ ತೀರಿದ್ದೇ ಅದರಿಂದ. ಆದರೆ ಒಂದು ಲೆಕ್ಕ ನೋಡು. ನನ್ನ ಹಾಗೆ ಒಬ್ಬೊಬ್ಬರೇ ಹೋಗುವ ಪೊಲೀಸರಿಗೆ ಮಿಷನ್ ಕೊಡುವ ಭತ್ಯೆ ಎಲ್ಲ ದೇಶದವರಿಗೂ, ಎಲ್ಲ ರ‍್ಯಾಂಕಿನವರಿಗೂ ಒಂದೇ. ನನಗೂ ನೇಪಾಳದವನಿಗೂ ಅದು ದೊಡ್ಡ ಮೊತ್ತ. ಸ್ವೀಡನ್‌ನವನಿಗೆ ಊರಲ್ಲೇ ಒಳ್ಳೆ ಸಂಬಳ. ಆದರೂ ರಾತ್ರಿ ಗೇಟ್ ಡ್ಯೂಟಿಗೆ ಮೂವರೂ ಬರುತ್ತಿದ್ದೆವು. ಮೈಗಳ್ಳರೂ ಎಲ್ಲ ದೇಶದಲ್ಲಿ ಇದ್ದರು ಬಿಡು. ವಿಮಾನ ಹತ್ತಿಸಿದ್ದು ದುಡ್ಡೇ ಇರಬಹುದು. ಇಳಿದ ಮೇಲೆ ದುಡಿಸಿದ್ದು ಬೇರೆ ಏನೋ.

ನಾನಿದ್ದದ್ದು ದಕ್ಷಿಣ ಸುಡಾನ್‌ನ ಮಲಕಾಲ್‌ನಲ್ಲಿ. ಬಿಳಿ ನೈಲ್ ದಂಡೆಯ ಊರು. ಆ ದೇಶ ಹುಟ್ಟಿದ್ದೇ 2011ರ ಜುಲೈನಲ್ಲಿ. ಅಲ್ಲಿನ ಪೊಲೀಸರಲ್ಲಿ ತುಂಬಾ ಜನ ಮೊದಲು ಬಂಡುಕೋರ ಸೈನ್ಯದಲ್ಲಿದ್ದವರು. ಠಾಣೆಯ ಡೈರಿ ಬರೆಯೋದು, ಲಾಕಪ್‌ನಲ್ಲಿ ಹೆಂಗಸರನ್ನು ಬೇರೆ ಇಡೋದು, ಇಂಥವನ್ನು ಪಕ್ಕದಲ್ಲಿ ಕೂತು ಹೇಳಿಕೊಡುವುದು ನಮ್ಮ ಕೆಲಸ. ನಮ್ಮ ಹತ್ತಿರ ಆಯುಧ ಇಲ್ಲ, ಯಾರನ್ನೂ ಅರೆಸ್ಟ್ ಮಾಡುವ ಹಾಗಿಲ್ಲ. ಮೈಮೇಲೆ ಖಾಕಿ, ತಲೆಗೆ ನೀಲಿ ಟೋಪಿ, ಕೈ ಖಾಲಿ. ಇಲ್ಲಿ ಒಂದು ಗದರಿಕೆಗೆ ಆಗುವ ಕೆಲಸಕ್ಕೆ ಅಲ್ಲಿ ದಿನಗಟ್ಟಲೆ ಮಾತಾಡಬೇಕು. ನಿನ್ನ ಕೋಪಕ್ಕೆ ಅದೊಂದು ಒಳ್ಳೆ ಔಷಧಿ.

2013ರ ಡಿಸೆಂಬರ್ 15ಕ್ಕೆ ರಾಜಧಾನಿ ಜೂಬಾದಲ್ಲಿ ಅಧ್ಯಕ್ಷ ಸಾಲ್ವಾ ಕೀರ್ ಬಣಕ್ಕೂ ಮಾಜಿ ಉಪಾಧ್ಯಕ್ಷ ರಿಯೆಕ್ ಮಚಾರ್ ಬಣಕ್ಕೂ ಗುಂಡಿನ ಕಾಳಗ ಶುರುವಾಯಿತು. ಕ್ರಿಸ್‌ಮಸ್ ಹೊತ್ತಿಗೆ ಮಲಕಾಲ್‌ಗೂ ಬಂತು. ಮುಂದಿನ ತಿಂಗಳುಗಳಲ್ಲಿ ಊರು ಮತ್ತೆ ಮತ್ತೆ ಕೈ ಬದಲಾಯಿಸಿತು. ಸಾವಿರಾರು ಜನ ಜೀವ ಉಳಿಸಿಕೊಳ್ಳಲು ನಮ್ಮ ಬೇಸ್‌ಗೆ ಓಡಿಬಂದರು. ಡಿಂಕಾ, ನುಎರ್, ಶಿಲ್ಲುಕ್, ಮೂರೂ ಜನಾಂಗದವರು ಒಂದೇ ಬೇಲಿಯೊಳಗೆ.

2014ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2155ನೇ ನಿರ್ಣಯ ಮಾಡಿತು. ಅಲ್ಲಿನ ಪೊಲೀಸರಿಗೆ ತರಬೇತಿ ಕೊಡುವುದು ನಮ್ಮ ಮಿಷನ್‌ನ ಕೆಲಸದ ಪಟ್ಟಿಯಿಂದ ಹೋಯಿತು. ಇನ್ನು ಜನರನ್ನು ಕಾಪಾಡುವುದೇ ಮುಖ್ಯ. ಸರಿಯಾದ ನಿರ್ಧಾರವೇ. ಒಳಯುದ್ಧದಲ್ಲಿ ಸರ್ಕಾರವೇ ಒಂದು ಪಕ್ಷ ಆಗಿರುವಾಗ ಅದರ ಪೊಲೀಸರನ್ನು ತಯಾರು ಮಾಡುತ್ತಾ ಕೂರುವುದು ಹೇಗೆ? ಆದರೂ ಯಾರ ಪಕ್ಕ ಕೂತು ಡೈರಿ ಬರೆಸಿದ್ದೆನೋ ಅವರನ್ನು ಹಾಗೇ ಬಿಟ್ಟದ್ದು ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ಹಾಗಾದರೆ ನಿಷ್ಠೆ ಯಾರಿಗೆ? ವಿಶ್ವಸಂಸ್ಥೆಯ ಕಚೇರಿ ಇರುವ ನ್ಯೂಯಾರ್ಕ್ ದೂರ. ಕಳಿಸಿಕೊಟ್ಟ ಇಲಾಖೆಗೆ ನಮ್ಮ ನೆನಪೇ ಇರುವುದಿಲ್ಲ. ಟೀಮ್ ಲೀಡರ್ ತನ್ನ ಅವಧಿ ಮುಗಿದ ಕೂಡಲೇ ಹೊರಟ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೀಟ್ ಕಣೋ, ಬೇಲಿಯೊಳಗಿನ ಆ ಶಿಬಿರದಲ್ಲಿ ದಿನಾ ತಿರುಗುವ ಗಸ್ತು. ಗೇಟ್‌ನಲ್ಲಿ ಆಯುಧ ತಪಾಸಣೆ, ನೀರಿನ ಸರದಿಯಲ್ಲಿ ಹೊಡೆದಾಟ, ಟೆಂಟಿನೊಳಗೆ ಹೆಂಡತಿಗೆ ಹೊಡೆಯುವ ಗಂಡ, ಕುಡಿದ ಹುಡುಗರು. ಹಿರಿಯರನ್ನು ಕರೆದು ಕೂರಿಸಬೇಕು, ಶಿಬಿರದ ಕಾವಲು ಹುಡುಗರನ್ನು ಜೊತೆಗೆ ಹಾಕಿಕೊಳ್ಳಬೇಕು. ಅಲ್ಲಿನ ಮಣ್ಣು ನಮ್ಮ ಗದಗದ ಎರೆ ಮಣ್ಣಿನ ಹಾಗೇ. ಮಳೆ ಬಿದ್ದರೆ ಬೂಟು ಅಲ್ಲೇ, ಕಾಲು ಮಾತ್ರ ಮೇಲೆ. ಗಾಡಿ ಹೋಗಲ್ಲ, ನಡೆದೇ ತಿರುಗಬೇಕು. ಹಾಗೆ ನಡೆದು ಹೋದಾಗಲೇ ಜನ ಬಾಯಿ ಬಿಡುತ್ತಿದ್ದದ್ದು. ಒಂದು ದಿನ ಹೋಗದಿದ್ದರೆ ಮರುದಿನ "ನಿನ್ನೆ ಎಲ್ಲಿದ್ದೆ?" ಅಂತ ಕೇಳುತ್ತಿದ್ದರು. ನಮ್ಮ ಯಾವ ಎಸ್‌ಪಿ ಕೇಳಿದಾಗಲೂ ನನಗೆ ಅಷ್ಟು ನಾಚಿಕೆ ಆಗಿರಲಿಲ್ಲ.

ಯಾರು ಮನಸ್ಸಿಟ್ಟು ದುಡಿದರು ಅಂತ ತಿಳಿಯಬೇಕಾದರೆ ಮೆಡಲ್ ನೋಡಬೇಡ, ಅದು ಮೂರು ತಿಂಗಳು ಇದ್ದವರಿಗೆಲ್ಲ ಸಿಗುತ್ತೆ. ಹೊರಡುವವರು ಮುಂದೆ ಬರುವವರಿಗೆ ಬರೆದುಕೊಡುವ ಹ್ಯಾಂಡೋವರ್ ನೋಟ್ ನೋಡು. ಘಾನಾದ ಒಬ್ಬ ಮಹಿಳಾ ಅಧಿಕಾರಿ ನನಗೆ ಬರೆದುಕೊಟ್ಟ ನೋಟ್‌ನಲ್ಲಿ ಯಾವ ಬ್ಲಾಕ್‌ಗೆ ಯಾವ ಹಿರಿಯ, ಯಾರ ಯಾರ ನಡುವೆ ಮಾತಿಲ್ಲ, ಯಾವ ಹುಡುಗಿ ದೂರು ಕೊಡಲು ಹೆದರಿದ್ದಾಳೆ, ಎಲ್ಲ ಇತ್ತು. ಇನ್ನೊಬ್ಬ ಪುಣ್ಯಾತ್ಮ ಬರೆದದ್ದು "ಪರಿಸ್ಥಿತಿ ಶಾಂತ" ಅಂತ, ಅಷ್ಟೇ.

ಲೈಬೀರಿಯಾಗೆ ಹೋದ ನಮ್ಮ ಸಿಆರ್‌ಪಿಎಫ್ ಮಹಿಳಾ ತುಕಡಿ ಬಗ್ಗೆ ನೀನು ಕೇಳಿರುತ್ತೀಯ. 2007ರಲ್ಲಿ ಅಲ್ಲಿನ ರಾಜಧಾನಿ ಮನ್ರೋವಿಯಾಗೆ ಹೋದದ್ದು, ವಿಶ್ವಸಂಸ್ಥೆಗೆ ಬರೀ ಹೆಂಗಸರ ಪೊಲೀಸ್ ತುಕಡಿ ಅದೇ ಮೊದಲು. 2016ರವರೆಗೆ ಒಂದು ತಂಡ ಬಂದರೆ ಇನ್ನೊಂದು ಹೋಗುತ್ತಿತ್ತು. ಅವರದ್ದು ಬೇರೆ ರೀತಿ. ತಮ್ಮದೇ ಅಧಿಕಾರಿ, ತಮ್ಮದೇ ಆಯುಧ, ತಮ್ಮದೇ ಅಡುಗೆ. ಒಬ್ಬರು ಸೋತರೆ ಪಕ್ಕದವರು ಎತ್ತುತ್ತಾರೆ. ನೀನು ಹೋಗೋದು ಒಬ್ಬನೇ. ನಿನ್ನ ಮೇಲಿನವನು ಊರಲ್ಲಿ ನಿನಗಿಂತ ಕೆಳಗಿನ ರ‍್ಯಾಂಕಿನವನೂ ಆಗಿರಬಹುದು, ಸೆಲ್ಯೂಟ್ ಹೊಡೆಯಲು ತಯಾರಿರು.

ನಿಷ್ಠೆ ಸೋರಿಹೋಗುವುದು ಅಲ್ಲಿ ಅಲ್ಲ, ವಾಪಸ್ ಬಂದ ಮೇಲೆ. ಜಾಯಿನ್ ಆದ ವಾರವೇ ನನ್ನನ್ನು ಬಂದೋಬಸ್ತ್‌ಗೆ ಹಾಕಿದರು. ಅಲ್ಲಿ ಏನು ಕಲಿತೆ ಅಂತ ಒಬ್ಬರೂ ಕೇಳಲಿಲ್ಲ. ಎಷ್ಟು ಉಳಿಸಿದೆ ಅಂತ ಮಾತ್ರ ಎಲ್ಲರೂ ಕೇಳಿದರು, ನಿನ್ನನ್ನೂ ಸೇರಿಸಿ!

ಅರ್ಜಿ ಹಾಕು. ಇಂಗ್ಲಿಷ್ ನಿನಗೆ ಕಷ್ಟ ಆಗಲ್ಲ. ಡ್ರೈವಿಂಗ್ ಟೆಸ್ಟ್‌ಗೆ ಈಗಿಂದಲೇ ದೊಡ್ಡ ಗಾಡಿ ರಿವರ್ಸ್ ತೆಗೆಯುವುದು ಅಭ್ಯಾಸ ಮಾಡು. ಎಲ್ಲಕ್ಕಿಂತ ಮೊದಲು ಸವಿತಾ ಜೊತೆ ಕೂತು ಮಾತಾಡು. ನೀನು ಹೋದರೆ ಮಕ್ಕಳ ಶಾಲೆ, ಅಮ್ಮನ ಬಿಪಿ, ಎಲ್ಲ ಅವಳ ತಲೆಗೇ ಬರುತ್ತೆ. ಅವಳು ಬೇಡ ಅಂದರೆ ನನ್ನ ಈ ಪತ್ರ ತೋರಿಸಿ ಒಪ್ಪಿಸಲು ಹೋಗಬೇಡ.

ಇಂತಿ ನಿನ್ನ,
ಶಿವು