ಗಣಿತ ಶಿಬಿರಕ್ಕೆ ಅರ್ಜಿ ಹಾಕುವ ಮುಂಚೆ

ಕಲಬುರಗಿ

ಚಿ. ಮಗಳೇ, ಆಶೀರ್ವಾದಗಳು.

ಬೇಸಿಗೆಯಲ್ಲಿ ಎಂಟಿಟಿಎಸ್ ಅನ್ನುವ, ಕಾಲೇಜು ವಿದ್ಯಾರ್ಥಿಗಳ ಗಣಿತ ತರಬೇತಿ ಶಿಬಿರಕ್ಕೆ ಅರ್ಜಿ ಹಾಕುತ್ತೀ ಅಂತ ನಿಮ್ಮವ್ವ ಫೋನಿನಲ್ಲಿ ಹೇಳಿದಳು. ಹಾಕು. ಆದರೆ ನಾಲ್ಕು ವಾರ ಕೂತು ನೋಟ್ಸ್ ಬರಕೊಂಡು ಬರುವುದಕ್ಕಾದರೆ ಅಷ್ಟು ದೂರ ಹೋಗಬೇಡ. ಆ ನೋಟ್ಸನ್ನು ಐಐಟಿ ಮೇಷ್ಟ್ರುಗಳ ಪಾಠದ ಎನ್‌ಪಿಟಿಇಎಲ್ ವಿಡಿಯೋ ಹಚ್ಚಿಕೊಂಡು ಯಾದಗಿರಿಯಲ್ಲೇ ಬರೆಯಬಹುದು. ಅಲ್ಲಿಗೆ ಹೋಗಬೇಕಾದ್ದು ನೀನು ಬರೆದ ಪ್ರೂಫನ್ನು ಬಲ್ಲವರು ಸಾಲು ಸಾಲಾಗಿ ಹಿಡಿದು ಕೇಳುತ್ತಾರಲ್ಲ, ಅದಕ್ಕೆ. ನಮ್ಮ ಕಡೆಯ ಕಾಲೇಜುಗಳಲ್ಲಿ ಸಿಲೆಬಸ್ ಮುಗಿಸುವ ಗಡಿಬಿಡಿಯಲ್ಲಿ ಬಿಟ್ಟುಹೋಗುವುದೂ ಅದೇ.

ಈ ಕಾರ್ಯಕ್ರಮ 1993ರಲ್ಲಿ ಪ್ರೊ. ಎಸ್. ಕುಮರೇಸನ್ ಅವರ ಮುಂದಾಳತ್ವದಲ್ಲಿ ಶುರುವಾಯಿತು. ಪರಮಾಣು ಶಕ್ತಿ ಇಲಾಖೆಯ ರಾಷ್ಟ್ರೀಯ ಉನ್ನತ ಗಣಿತ ಮಂಡಳಿ, ಎಲ್ಲರೂ ಎನ್‌ಬಿಎಚ್‌ಎಂ ಅನ್ನುವುದು, ಅದರ ಬೆನ್ನಿಗಿದೆ. ಓ, ಒಂದು, ಎರಡು ಎಂದು ಮೂರು ಹಂತ. ಬಿಎಸ್ಸಿ ಎರಡನೇ ವರ್ಷದ ನೀನು ಓ ಹಂತಕ್ಕೇ ಹಾಕು. ಅಂಕ ಚಲೋ ಬಂದಿವೆ ಅಂತ ಮೇಲಕ್ಕೆ ನೆಗೆಯಬೇಡ. ಅಂಕವೇ ಬೇರೆ, ಅಲ್ಲಿ ಕೇಳುವುದೇ ಬೇರೆ. ನಾಲ್ಕು ವಾರ ಬಹಳವಾಯಿತು ಅನ್ನಿಸಿದರೆ ಒಂದು ವಾರದ ಮಿನಿ ಎಂಟಿಟಿಎಸ್ ಎಲ್ಲಿ ನಡೆಯುತ್ತದೆ ನೋಡು. ಎನ್‌ಸಿಎಂ, ಅಂದರೆ ರಾಷ್ಟ್ರೀಯ ಗಣಿತ ಕೇಂದ್ರ, ನಡೆಸುವ ಫೌಂಡೇಶನ್ ಸ್ಕೂಲ್‌ಗಳು ಪಿಎಚ್‌ಡಿಗೆ ಸೇರಿದವರಿಗೆ. ಅವುಗಳ ಚಿಂತೆ ಈಗ ಬೇಡ.

ಅರ್ಜಿಯಲ್ಲಿ ಹೆಚ್ಚು ಮಂದಿ ಎಡವುವುದು ಶಿಫಾರಸು ಪತ್ರದಲ್ಲಿ. ಕೊನೇ ದಿನ ಸರ್ ಹತ್ತಿರ ಓಡಿದರೆ "ಶ್ರಮಜೀವಿ, ಒಳ್ಳೇ ನಡತೆಯ ವಿದ್ಯಾರ್ಥಿನಿ" ಅಂತ ಎರಡು ಸಾಲು ಬರೆದು ಸೀಲ್ ಹೊಡೆಯುತ್ತಾರೆ. ಆರಿಸುವವರ ಮೇಜಿನ ಮೇಲೆ ಅಂಥವು ರಾಶಿ ಬಿದ್ದಿರುತ್ತವೆ. ಮೂರು ವಾರ ಮೊದಲೇ ಹೋಗು. ನೀನೇ ಬಿಡಿಸಿದ ಐದಾರು ಲೆಕ್ಕಗಳ ಹಾಳೆ ಕೈಗೆ ಕೊಟ್ಟು, ಯಾವುದರಲ್ಲಿ ಎಲ್ಲಿ ಸಿಕ್ಕಿಬಿದ್ದೆ, ಹೇಗೆ ಬಿಡಿಸಿಕೊಂಡೆ ಅಂತ ಹೇಳು. ಆಗ ಅವರಿಗೂ ಬರೆಯಲಿಕ್ಕೆ ಏನಾದರೂ ಇರುತ್ತದೆ. ನಿನ್ನ ಬಗ್ಗೆ ನೀನು ಬರೆಯುವ ಜಾಗದಲ್ಲಿ "ಚಿಕ್ಕಂದಿನಿಂದಲೂ ಗಣಿತ ಅಂದರೆ ಪ್ರಾಣ" ಅನ್ನಬೇಡ. ಯಾವ ಪ್ರಮೇಯ ಇಷ್ಟ, ಅದರ ಯಾವ ಷರತ್ತು ತೆಗೆದರೆ ಅದು ಬೀಳುತ್ತದೆ, ಅಷ್ಟು ಬರೆ.

ಇನ್ನು ತಯಾರಿ. ಮೂರೇ ವಿಷಯ ಹಿಡಿ: ರಿಯಲ್ ಅನಾಲಿಸಿಸ್, ಲೀನಿಯರ್ ಆಲ್ಜೀಬ್ರಾ, ಗ್ರೂಪ್ ಥಿಯರಿ. ಮೂರರಲ್ಲೂ ವ್ಯಾಖ್ಯೆಯಿಂದ ಶುರು ಮಾಡು. ಒಂದು ಸೀಕ್ವೆನ್ಸ್ (ಸಾಲಾಗಿ ಮುಗಿಯದೆ ಬರುವ ಸಂಖ್ಯೆಗಳು) ಒಂದು ಸಂಖ್ಯೆಗೆ ಕನ್ವರ್ಜ್ ಆಗುತ್ತದೆ ಅಂದರೇನು ಅಂತ ಕೇಳಿದರೆ ನಮ್ಮ ಹುಡುಗರು "ಹತ್ತಿರ ಹತ್ತಿರ ಹೋಗುತ್ತದೆ" ಅನ್ನುತ್ತಾರೆ. ಬಾಯಿಪಾಠ ಮಾಡಿದವರು ಎಪ್ಸಿಲಾನ್ ಮಾತು ಸರಿಯಾಗಿ ಒಪ್ಪಿಸಿಬಿಡುತ್ತಾರೆ: ಎಪ್ಸಿಲಾನ್ ಅನ್ನುವ ಧನಸಂಖ್ಯೆ ಎಷ್ಟೇ ಸಣ್ಣದಿರಲಿ, ಪ್ರತಿಯೊಂದಕ್ಕೂ ಒಂದು ಸ್ಥಾನ ಇದೆ, ಅದರಾಚೆಯ ಪದಗಳೆಲ್ಲ ಆ ಸಂಖ್ಯೆಯಿಂದ ಎಪ್ಸಿಲಾನ್‌ಗಿಂತ ಕಡಿಮೆ ದೂರದಲ್ಲಿರುತ್ತವೆ. ಸರಿ, ಕನ್ವರ್ಜ್ ಆಗುವುದಿಲ್ಲ ಅಂದರೇನು ಬರೆ ಅಂದ ಕೂಡಲೇ ಅವರೂ ತಡವರಿಸುತ್ತಾರೆ. ಉತ್ತರ ಹೀಗಿರಬೇಕು: ಯಾವುದೋ ಒಂದು ಎಪ್ಸಿಲಾನ್ ಇದೆ, ನೀನು ಎಷ್ಟೇ ಮುಂದಿನ ಸ್ಥಾನ ತೋರಿಸಿದರೂ ಅದರಾಚೆ ಒಂದು ಪದ ಆ ಸಂಖ್ಯೆಯಿಂದ ಎಪ್ಸಿಲಾನ್‌ನಷ್ಟಾದರೂ ದೂರ ಉಳಿದಿರುತ್ತದೆ. "ಪ್ರತಿಯೊಂದಕ್ಕೂ" ಇದ್ದಲ್ಲಿ "ಯಾವುದೋ ಒಂದು" ಬರುತ್ತದೆ, "ಒಂದು ಇದೆ" ಅಂದಲ್ಲಿ "ಪ್ರತಿಯೊಂದಕ್ಕೂ" ಬರುತ್ತದೆ. ಈ ತಿರುವು ಕೈಗೆ ಹತ್ತದೆ ಹೋದವರಿಗೆ ಮೊದಲ ವಾರವೆಲ್ಲ ಕತ್ತಲೆ. ಹಾಗಾಗಿ ನಿನ್ನ ಪುಸ್ತಕದ ಪ್ರತಿ ವ್ಯಾಖ್ಯೆಯ ನಿಷೇಧವನ್ನೂ ಕೈಯಿಂದ ಬರೆ. ಮಗ್ಗುಲಿಗೆ ಆ ವ್ಯಾಖ್ಯೆಗೆ ಹೊಂದುವ ಒಂದು ಉದಾಹರಣೆ, ಹೊಂದದ ಒಂದು ಉದಾಹರಣೆ ಇರಲಿ.

ಉದಾಹರಣೆಗಳಲ್ಲಿ ಅಂಕಿ ಹಾಕಿ ನೋಡುವುದನ್ನು ಸಣ್ಣ ಕೆಲಸ ಅಂದುಕೊಳ್ಳಬೇಡ. ವರ್ಗದ ಫಂಕ್ಷನ್ ಇಡೀ ಸಂಖ್ಯಾರೇಖೆಯ ಮೇಲೆ ಕಂಟಿನ್ಯುಯಸ್ ಹೌದು, ಯೂನಿಫಾರ್ಮ್ಲಿ ಕಂಟಿನ್ಯುಯಸ್ ಅಲ್ಲ, ಅಂದರೆ ಬಿಂದುಗಳು ಇಷ್ಟು ಹತ್ತಿರ ಇದ್ದರೆ ಬೆಲೆಗಳೂ ಹತ್ತಿರ ಅನ್ನಲಿಕ್ಕೆ ಎಲ್ಲ ಕಡೆಗೂ ಸಲ್ಲುವ ಒಂದೇ ಅಳತೆ ಸಿಗುವುದಿಲ್ಲ. ಯಾಕೆ? 100 ಮತ್ತು 100.01 ತೆಗೆದುಕೋ: ವರ್ಗಗಳ ಅಂತರ 2.0001. 1000 ಮತ್ತು 1000.001 ತೆಗೆದುಕೋ: 2ಕ್ಕಿಂತ ಚೂರು ಹೆಚ್ಚು. ಬಿಂದುಗಳು ಹತ್ತಿರ ಹತ್ತಿರ ಬರುತ್ತಿದ್ದರೂ ಬೆಲೆಗಳ ಅಂತರ 2ರ ಕೆಳಗೆ ಇಳಿಯುವುದಿಲ್ಲ. ಇದನ್ನು ಕಂಡವಳಿಗೆ ಪ್ರೂಫ್ ತಾನಾಗಿ ಬರುತ್ತದೆ. ಗ್ರೂಪ್‌ನಲ್ಲಿ ಎಸ್-3ರ, ಅಂದರೆ ಮೂರು ವಸ್ತುಗಳ ಅದಲುಬದಲುಗಳ ಗ್ರೂಪ್‌ನ, ಆರೂ ಸಬ್‌ಗ್ರೂಪ್‌ಗಳನ್ನು (ಅದರೊಳಗಿನ ಗ್ರೂಪ್‌ಗಳನ್ನು) ಪಟ್ಟಿ ಮಾಡು. ಆಮೇಲೆ ನಾಲ್ಕು ವಸ್ತುಗಳ ಸಮ ಅದಲುಬದಲುಗಳ ಗ್ರೂಪ್ ಎ-4ಕ್ಕೆ ಬಾ: ಅದರಲ್ಲಿ 12 ಅಂಶ, ಆದರೂ 6 ಅಂಶದ ಸಬ್‌ಗ್ರೂಪ್ ಇಲ್ಲ. ಸಬ್‌ಗ್ರೂಪ್‌ನ ಅಂಶಗಳ ಸಂಖ್ಯೆ ಗ್ರೂಪ್‌ನ ಅಂಶಗಳ ಸಂಖ್ಯೆಯನ್ನು ಭಾಗಿಸುತ್ತದೆ ಅನ್ನುವ ಲಗ್ರಾಂಜ್ ಪ್ರಮೇಯದ ವಿಲೋಮ ಸುಳ್ಳು ಅಂತ ಕಂಠಪಾಠ ಇದ್ದವರು ಬಹಳ, ಯಾಕೆ ಇಲ್ಲ ಅಂತ ಬೋರ್ಡ್ ಮೇಲೆ ತೋರಿಸುವವರು ಬೆರಳೆಣಿಕೆ.

ಪ್ರೂಫ್ ಬರೆಯುವಾಗ ಪದೇ ಪದೇ ಕಾಣುವ ತಪ್ಪೊಂದಿದೆ. ಎರಡು ಸೀಕ್ವೆನ್ಸ್‌ಗಳ ಮೊತ್ತದ ಲಿಮಿಟ್ ತೋರಿಸುವಾಗ ಎರಡಕ್ಕೂ ಎಪ್ಸಿಲಾನ್‌ನ ಅರ್ಧರ್ಧ ಹಂಚುತ್ತಾರೆ, ಆದರೆ ಸ್ಥಾನ ಒಂದೇ ಅಂತ ಹಿಡಿದುಬಿಡುತ್ತಾರೆ. ಎರಡಕ್ಕೂ ಬೇರೆ ಬೇರೆ ಸ್ಥಾನ ಬರುತ್ತದೆ. ಅವುಗಳಲ್ಲಿ ದೊಡ್ಡದನ್ನು ಆರಿಸಬೇಕು. ಅದನ್ನು ಬಿಟ್ಟರೆ "ಇದು ಎಲ್ಲಿಂದ ಬಂತು?" ಅಂತ ಕೇಳಿಯೇ ಕೇಳುತ್ತಾರೆ.

ಹಾಗೆ ಕೇಳಿದಾಗ ಮುಖ ಸಣ್ಣ ಮಾಡಿಕೊಳ್ಳಬೇಡ. ಅಲ್ಲಿ ಪಾಠ ನಡೆಯುವುದೇ ಪ್ರಶ್ನೆಯಿಂದ. ಇಂಗ್ಲಿಷ್ ಮುರುಕಲಾದರೂ ಕೇಳು, ಚಿಹ್ನೆಗಳು ಎಲ್ಲರಿಗೂ ಒಂದೇ. ಸಂಜೆ ಕೊಟ್ಟ ಲೆಕ್ಕಗಳಲ್ಲಿ ಹತ್ತು ಅರೆಬರೆ ಮಾಡುವ ಬದಲು ಎರಡನ್ನು ಕೊನೆ ಮುಟ್ಟಿಸು. ಪಕ್ಕದವಳ ಉತ್ತರ ನಕಲು ಮಾಡಿದ ರಾತ್ರಿ ಶಿಬಿರದ ಲೆಕ್ಕದಲ್ಲಿ ಸೇರುವುದಿಲ್ಲ.

ಸೆಮಿಸ್ಟರ್ ಪರೀಕ್ಷೆ ನಮ್ಮಲ್ಲಿ ಹಿಂದೆ ಮುಂದೆ ಆಗುವುದು ಹೊಸದಲ್ಲ. ನಡುವೆ ಎರಡು ದಿನ ಬಂದು ಪೇಪರ್ ಬರೆದು ಹೋಗುತ್ತೇನೆ ಅಂದರೆ ಒಪ್ಪುವುದಿಲ್ಲ, ಒಪ್ಪಿದರೂ ನಷ್ಟ ನಿನ್ನದೇ. ದಿನಾಂಕ ತಾಕಿದರೆ ಮೊದಲೇ ತಿಳಿಸಿ ಬಿಟ್ಟುಕೊಡು. ಕಾಯುವ ಪಟ್ಟಿಯಲ್ಲಿ ಇನ್ನೊಬ್ಬರು ಇರುತ್ತಾರೆ. ಆಯ್ಕೆ ಪತ್ರ ಬಂದ ದಿನವೇ ರೈಲು ಟಿಕೆಟ್ ಮಾಡಿಸು. ಯಾದಗಿರಿ ಮುಂಬೈ–ಚೆನ್ನೈ ಮುಖ್ಯ ಮಾರ್ಗದಲ್ಲೇ ಇದೆ, ಗಾಡಿಗಳಿಗೇನೂ ಕಮ್ಮಿ ಇಲ್ಲ. ಆದರೆ ಮೇ ತಿಂಗಳಲ್ಲಿ ಸ್ಲೀಪರ್ ಬೇಗ ತುಂಬುತ್ತದೆ. ಪ್ರಯಾಣದ ಖರ್ಚು ಕೊಡುವ ಶಿಬಿರಗಳಲ್ಲಿ ಟಿಕೆಟ್ ಕೇಳುತ್ತಾರೆ, ಜೋಪಾನವಾಗಿ ಇಟ್ಟುಕೋ.

ಕಾನ್ಫರೆನ್ಸ್‌ಗಳ ಬಗ್ಗೆಯೂ ಕೇಳಿದ್ದೆಯಂತೆ. ಹೆಸರಿನಲ್ಲಿ ಗಣಿತ, ವಿಜ್ಞಾನ, ತಂತ್ರಜ್ಞಾನ, ಮ್ಯಾನೇಜ್‌ಮೆಂಟ್ ಎಲ್ಲವೂ ಒಟ್ಟಿಗೇ ಇದ್ದು, ಫೀಸು ಕಟ್ಟಿದ ಕೂಡಲೇ ಪೇಪರ್ ಒಪ್ಪುವ "ಅಂತರರಾಷ್ಟ್ರೀಯ" ಸಮ್ಮೇಳನಕ್ಕೆ ಒಂದು ರೂಪಾಯಿಯೂ ಕೊಡಬೇಡ. ಮಾತಾಡುವವರ ಹೆಸರನ್ನು ಗಣಿತ ಲೇಖನಗಳ ಆನ್‌ಲೈನ್ ಸೂಚಿಯಾದ ಝಡ್‌ಬಿಮ್ಯಾತ್‌ನಲ್ಲಿ ಹುಡುಕು. 2021ರಿಂದ ಅದು ಎಲ್ಲರಿಗೂ ಉಚಿತ. ಡಿಸೆಂಬರ್ 22ರ ಗಣಿತ ದಿನದ ಸುತ್ತಮುತ್ತ ಗುಲಬರ್ಗಾ ವಿಶ್ವವಿದ್ಯಾಲಯದಲ್ಲೋ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಕಾರ್ಯಾಗಾರ ಇಟ್ಟರೆ ವೇಳಾಪಟ್ಟಿ ತರಿಸಿ ನೋಡು. ಲೆಕ್ಕ ಬಿಡಿಸುವ ಅವಧಿ ಇದ್ದರೆ ಹೋಗು. ಉದ್ಘಾಟನೆ, ಶಾಲು, ಸರ್ಟಿಫಿಕೇಟು ಅಷ್ಟೇ ಇದ್ದರೆ ಆ ದಿನ ಮನೆಯಲ್ಲಿ ಕೂತು ಎ-4 ಮಾಡು.

ತಮ್ಮನಿಗೂ ಹೇಳು: ಒಂಬತ್ತನೇ ಕ್ಲಾಸಿನವನು ಗಣಿತ ಒಲಿಂಪಿಯಾಡ್‌ನ ಮೊದಲ ಪರೀಕ್ಷೆ ಐಒಕ್ಯೂಎಂ ಬರೆಯಬಹುದು. ಮೂರು ತಾಸು, 30 ಪ್ರಶ್ನೆ, 100 ಅಂಕ. ಉತ್ತರ 00ರಿಂದ 99ರ ಒಳಗಿನ ಪೂರ್ಣಾಂಕ, ತಪ್ಪಿಗೆ ಅಂಕ ಕಡಿತ ಇಲ್ಲ. ದಾಟಿದರೆ ಪ್ರಾದೇಶಿಕ ಹಂತದ ಆರ್‌ಎಂಓ: ಆರೇ ಪ್ರಶ್ನೆ, ಮೂರು ತಾಸು, ಅಲ್ಲಿ ಪೂರ್ತಿ ಪ್ರೂಫ್ ಬರೆಯಬೇಕು. ಕೋಚಿಂಗ್ ಬೇಡ. ಹಳೇ ಪ್ರಶ್ನೆಪತ್ರಿಕೆಯಿಂದ ದಿನಕ್ಕೊಂದು ಲೆಕ್ಕ ಕೊಡು, ಉತ್ತರ ಬಂದ ಮೇಲೆ ಯಾಕೆ ಅಂತ ನಿನ್ನ ಮುಂದೆ ಹೇಳಿಸು.

ಇಂತಿ,
ನಿನ್ನ ಸೋದರಮಾವ